ಸೊನ್ನೆ ಬರೆದ ತಿಂಗಳುಗಳು

20 ಜೂನ್ 2001, ಬುಧವಾರ

ಲಿಂಗಪೂಜೆ ಮುಗಿಸಿ, ಕೊಟ್ಟೂರು ಬಸವೇಶ್ವರನ ಪಟಕ್ಕೆ ಊದಿನಕಡ್ಡಿ ಹಚ್ಚಿ ಪಂಚಾಯ್ತಿ ಆಫೀಸಿಗೆ ಹೋದೆ. ಹೋಗದಿದ್ದರೇ ಚೆನ್ನಾಗಿತ್ತು. ಕಾರ್ಯದರ್ಶಿ ನಾಗಪ್ಪ ಮನೆ ಕಟ್ಟುವವರ ಹೊಸ ಅರ್ಜಿಗಳ ಕಟ್ಟನ್ನು ನನ್ನ ಮುಂದೆ ಇಟ್ಟ. ಎಲ್ಲಕ್ಕಿಂತ ಮೇಲಿದ್ದದ್ದು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶೈಲಾಳದು. ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಹೊಸದಾಗಿ ಆರ್‌ಸಿಸಿ ಮನೆ ಕಟ್ಟಲು ಪರವಾನಗಿ ಬೇಕಂತೆ. ಅಕ್ಷರ ಮುತ್ತಿನ ಹಾಗೆ ಬರೆದಿದ್ದಾಳೆ. ಹರಪನಹಳ್ಳಿಯಲ್ಲಿ ಪಿಯುಸಿ ಓದಿದವಳು, ಅಕ್ಷರಕ್ಕೇನು ಕೊರತೆ.

ಮನೆ ನಮ್ಮ ಮಾವ ಕಟ್ಟಿಸಿದ್ದು. ಅಣ್ಣತಮ್ಮಂದಿರು ಪಾಲಾಗಿ ಹದಿನಾಲ್ಕು ವರ್ಷವಾಯಿತು. ಮೂಡಲ ಕಡೆಯ ಅರ್ಧ ಮೈದುನ ಗುರುಬಸವರಾಜನಿಗೆ, ಪಡುವಲ ಕಡೆಯ ಅರ್ಧ ನಮಗೆ. ನಡುವಿನ ಮಣ್ಣಿನ ಗೋಡೆ ಇಬ್ಬರದೂ ಎಂದು ಪಾಲುಪತ್ರದಲ್ಲಿ ಬರೆದಿದೆ. ನಡುತೊಲೆ ಎರಡೂ ಮನೆಗೆ ಒಂದೇ, ಅದು ಕೂತಿರುವುದು ಆ ಗೋಡೆಯ ಮೇಲೆ. ಅವಳು ತನ್ನ ಅರ್ಧ ಕೆಡವಿದರೆ ಆ ಗೋಡೆ ಎಂಟು ದಿನವೂ ನಿಲ್ಲುವುದಿಲ್ಲ. ನನ್ನ ದೇವರ ಜಗುಲಿ ಇರುವುದು ಆ ಗೋಡೆಯ ಗೂಡಿನಲ್ಲಿ. ಮೂವತ್ತೆರಡು ವರ್ಷದಿಂದ ಅದರ ಮುಂದೆ ಕೂತು ಪೂಜೆ ಮಾಡಿದ್ದೇನೆ.

ನಾಗಪ್ಪ ಬೇಕೆಂದೇ ಕೇಳಿದ. "ಮ್ಯಾಲಿಂದು ನಿಮ್ಮ ಮನ್ಯಾರದೇ ಐತಲ್ರೀ ಅಮ್ಮಾರ. ಮೊದಲ ಅದಕ್ಕ ಸಹಿ ಮಾಡಿಬಿಡ್ರಿ."

"ಇಡು. ನೋಡೋಣ."

ಹೆಣ್ಣುಮಕ್ಕಳಿಗೆ ಮೀಸಲು ಬಂತೆಂದು ನನ್ನನ್ನು ಹಿಡಿದು ಅಧ್ಯಕ್ಷೆ ಮಾಡಿದರು. ಏಳನೇ ಇಯತ್ತೆ ಓದಿದವಳು, ಹೇಳಿದ್ದಕ್ಕೆ ತಲೆ ಆಡಿಸುತ್ತಾಳೆ ಅಂದುಕೊಂಡಿದ್ದರು. ಈಗ ನಾನು ಸಭೆ ಕರೆದು ಸಹಿ ಹಾಕದೆ ಈ ಊರಲ್ಲಿ ಒಂದು ಕಲ್ಲೂ ಏಳುವುದಿಲ್ಲ. ಇದು ಶೈಲಾಳಿಗೂ ಗೊತ್ತು.

ಸಂಜೆ ನಲ್ಲಿಯ ಹತ್ತಿರ ಎದುರಾದಳು. ಕೊಡ ಇಳಿಸದೆ ಕೇಳಿದಳು.

"ಅಕ್ಕಾ, ನಮ್ಮ ಅರ್ಜಿ ಬಂತೇನು ನಿಮ್ಮ ಟೇಬಲ್‌ಗೆ?"

"ಬಂತು. ನನ್ನ ದೇವರನ್ನ ಬೀದಿಗೆ ಹಾಕಾಕ ಹೊಂಟೀ ಅಂತ ಅದರಾಗ ಬರಿಯೋದು ಬಿಟ್ಟೀಯಲ್ಲ."

"ದೇವರಿಗಿ ಎಲ್ಲಾ ಕಡೆ ಜಾಗ ಐತಿ. ನಮಗ ಇರೋದು ಅದೊಂದೇ."

ನಲ್ಲಿಯಲ್ಲಿದ್ದ ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು.

25 ಜೂನ್, ಸೋಮವಾರ

ಪೂಜೆ ಮಾಡುವಾಗಲೇ ಆ ದೇವರು ದಾರಿ ತೋರಿಸಿದ. ಶುಕ್ರವಾರದಿಂದ ಆಷಾಢ ಹತ್ತಿದೆ.

ನಾಗಪ್ಪನಿಗೆ ಹೇಳಿದೆ. "ಆಷಾಢದಾಗ ಯಾರಾದ್ರೂ ಮನಿಗಿ ಗುದ್ದಲಿ ಹಾಕತಾರೇನು?"

"ಹಾಕಂಗಿಲ್ರಿ. ಆದ್ರ ಇದು ಬರೇ ಕಾಗದ."

"ಕಾಗದ ಆದ ಮ್ಯಾಲೇ ಗುದ್ದಲಿ. ಆಷಾಢ ಮುಗಿಯೋತನ ಯಾವ ಮನಿಗೂ ಪರವಾನಗಿ ಇಲ್ಲ ಅಂತ ಬೋರ್ಡಿಗಿ ಹಚ್ಚು."

"ಒಂಬತ್ತು ಅರ್ಜಿಗೂ?"

"ಒಂಬತ್ತಕ್ಕೂ."

ಅವಳೊಬ್ಬಳದು ನಿಲ್ಲಿಸಿದರೆ ಊರು ನನ್ನ ಕಡೆ ಬೆರಳು ತೋರಿಸುತ್ತದೆ. ಎಲ್ಲರದೂ ನಿಲ್ಲಿಸಿದರೆ ಅದು ಧರ್ಮ.

ಹೊರಗೆ ಬಂದಾಗ ಕೆಳಗಿನ ಓಣಿಯ ಹುಲುಗಮ್ಮ ನಿಂತಿದ್ದಳು. ಗೌಂಡಿಗಳ ಕೈಕೆಳಗೆ ಕಲ್ಲು ಮಣ್ಣು ಹೊರುವ ಹೆಂಗಸು, ಗಂಡ ತೀರಿಕೊಂಡಿದ್ದಾನೆ. ಅವಳದು ಮೂರನೇ ಅರ್ಜಿ. ಸರ್ಕಾರದ ಆಶ್ರಯ ಮನೆ ಮಂಜೂರಾಗಿದೆ, ಪಂಚಾಯ್ತಿಯ ಪರವಾನಗಿ ತೋರಿಸದೆ ಕಂತು ಬಿಡುಗಡೆ ಆಗುವುದಿಲ್ಲ. ಈ ತಿಂಗಳೇ ಆಗುತ್ತದೆ ಎಂದು ನಾಗಪ್ಪ ಹೇಳಿದ್ದನಂತೆ, ಇದ್ದ ಗುಡಿಸಲು ಕಿತ್ತುಬಿಟ್ಟಿದ್ದಾಳೆ.

"ಯಾರು ಕೀಳು ಅಂದ್ರು?" ಎಂದೆ.

"ಹಳೇದು ಕೀಳದ ಹೊಸದು ಎಲ್ಲಿ ಕಟ್ಟಲಿ ಅಮ್ಮಾರ?"

ಎದುರು ಮಾತಾಡುವುದು ಚೆನ್ನಾಗಿ ಬರುತ್ತದೆ. ಒಂದು ತಿಂಗಳು ತಡೆದುಕೊಳ್ಳಲಿ.

11 ಜುಲೈ, ಬುಧವಾರ

ಶೈಲಾ ಮಾಳಿಗೆ ಹತ್ತಿ ನನ್ನ ಕಡೆಯ ಬೆಳಕಿಂಡಿಯಲ್ಲಿ ಬಗ್ಗಿ ಕೂಗಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅಕ್ಕಾ, ನಿಮ್ಮ ಪಂಚಾಂಗದಾಗ ಈ ಸಲ ನನ್ನ ಹೆಸರು ಹಾಕ್ಯಾರೇನು ನೋಡ್ರಿ. ಶೈಲಾಗ ಮನಿ ಇಲ್ಲ ಅಂತ."

ಹಿಟ್ಟಿನ ಕೈ ತೋರಿಸಿ, ಕೆಳಗಿಳಿ, ನನ್ನ ಮಾಳಿಗೆ ತುಳಿಯಬೇಡ ಅಂದೆ.

"ಇದು ಎಲ್ಲೀತನ ನಿಮ್ಮದು, ಎಲ್ಲಿಂದ ನಮ್ಮದು ಅಂತ ಗೆರಿ ಹೊಡೀರಿ" ಅಂದಳು. ಇನ್ನೊಂದು ಸಲ ಬೇಕೆಂದೇ ಕಾಲು ಅಪ್ಪಳಿಸಿ ಇಳಿದಳು. ರೊಟ್ಟಿಯ ಮೇಲೆ ಮಣ್ಣು ಉದುರಿತು. ಯಜಮಾನರು ಅದನ್ನು ಕೊಡವಿಕೊಂಡು ತಿಂದರು, ತಮ್ಮನ ಹೆಂಡತಿಗೆ ಒಂದು ಮಾತು ಅನ್ನಲಿಲ್ಲ. ಶಿವಯೋಗಪ್ಪ ಎಂದು ಹೆಸರಿಟ್ಟದ್ದಕ್ಕೆ ಯೋಗಿಯ ಹಾಗೇ ಇದ್ದಾರೆ.

21 ಜುಲೈ, ಶನಿವಾರ

ಆಷಾಢ ನಿನ್ನೆಗೆ ಮುಗಿಯಿತು. ಶ್ರಾವಣ ಎಲ್ಲದಕ್ಕೂ ಒಳ್ಳೆಯ ತಿಂಗಳು, ಮನೆ ಕಟ್ಟುವುದಕ್ಕೂ. ಅದೇ ತಾಪತ್ರಯ.

ಬೆಳಿಗ್ಗೆ ಪೂಜೆಗೆ ಕೂತು ಹರಕೆ ಹೊತ್ತೆ. ಶ್ರಾವಣ ಮುಗಿಯುವ ತನಕ ಪೆನ್ನು ಮುಟ್ಟುವುದಿಲ್ಲ. ಕೆಲವರು ಉಪ್ಪು ಬಿಡುತ್ತಾರೆ, ಕೆಲವರು ಚಪ್ಪಲಿ ಬಿಡುತ್ತಾರೆ. ನಾನು ಪೆನ್ನು ಬಿಟ್ಟೆ. ಆಫೀಸಿಗೆ ಹೋಗಿ ಹೇಳಿದಾಗ ನಾಗಪ್ಪ ನನ್ನನ್ನು ನೋಡಿದ, ಗೋಡೆ ನೋಡಿದ, ಮತ್ತೆ ನನ್ನನ್ನು ನೋಡಿದ.

ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ಸಿಲು ಪೆನ್ನಲ್ಲ.

31 ಜುಲೈ, ಮಂಗಳವಾರ

ನಾಗಪ್ಪ ತಿಂಗಳ ತಖ್ತೆ ಮನೆಗೇ ತಂದ. ಊರಲ್ಲಿ ಎಷ್ಟು ಮನೆಗೆ ಪರವಾನಗಿ ಕೊಟ್ಟೆವೆಂದು ತಿಂಗಳು ತಿಂಗಳು ಕೂಡ್ಲಿಗಿಗೆ ಬರೆದು ಕಳಿಸಬೇಕು. ಮೇ ಹದಿಮೂರು. ಜೂನ್ ಏಳು. ಜುಲೈ ಖಾಲಿ.

"ಸೊನ್ನಿ ಬರೀಲೇನ್ರೀ?"

"ಇಲ್ಲದ್ದನ್ನ ಐತಿ ಅಂತ ಬರಿಯಾಕ ಬರತೈತೇನು?"

"ಪಕ್ಕದಾಗ ಕಾರಣ ಬರೀಬೇಕ್ರಿ. ಇಳಿಕಿಗಿ ಕಾರಣ ಅಂತ ಒಂದು ಕಾಲಂ ಐತಿ."

"ಆಷಾಢ ಅಂತ ಬರಿ."

ಬರೆದ. ಸಹಿ ಮಾತ್ರ ನಾನು ಮಾಡಲಿಲ್ಲ, ಹರಕೆ. ಹೆಬ್ಬೆಟ್ಟು ಒತ್ತಿದೆ. ಏಳನೇ ಇಯತ್ತೆ ಓದಿ ಹೆಬ್ಬೆಟ್ಟು ಒತ್ತಿದ ಮೊದಲ ಹೆಂಗಸು ನೀನೇ ಇರಬೇಕು ಅಂತ ಯಜಮಾನರು ಒಳಗಿನಿಂದ ಅಂದರು.

9 ಆಗಸ್ಟ್, ಗುರುವಾರ

ಕೂಡ್ಲಿಗಿಯಲ್ಲಿ ಅಧ್ಯಕ್ಷರ ಸಭೆ. ನಸುಕಿನಲ್ಲೇ ಪೂಜೆ ಮುಗಿಸಿ ಮೊದಲ ಬಸ್ಸಿಗೆ ಹೋದೆ. ಎಲ್ಲರ ಮುಂದೆ ತಾಲ್ಲೂಕು ಪಂಚಾಯ್ತಿ ಸಾಹೇಬರು ನಮ್ಮ ತಖ್ತೆ ಎತ್ತಿ ಹಿಡಿದರು. ಮೈಸೂರು ಕಡೆಯ ಮನುಷ್ಯ.

"ಹದಿಮೂರು, ಏಳು, ಸೊನ್ನೆ. ತಾಲ್ಲೂಕಿನಲ್ಲಿ ಸೊನ್ನೆ ಬಂದಿರೋದು ನಿಮ್ಮ ಪಂಚಾಯ್ತಿ ಒಂದೇ ತಾಯಿ. ಈ ಲೆಕ್ಕ ಇಲ್ಲಿಂದ ಬಳ್ಳಾರಿಗೆ ಹೋಗುತ್ತೆ, ಬಳ್ಳಾರಿಯಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ. ದೇಶದಲ್ಲಿ ಎಷ್ಟು ಮನೆಗೆ ಒಪ್ಪಿಗೆ ಸಿಕ್ಕಿತು, ಹೋದ ತಿಂಗಳಿಗಿಂತ ಏರಿತೋ ಇಳೀತೋ ಅಂತ ಅವರು ನೋಡ್ತಾರೆ. ಆಷಾಢ ಅಂತ ಬರೆದಿದ್ದೀರಲ್ಲ, ಉಳಿದ ಊರುಗಳಿಗೆ ಆಷಾಢ ಇರಲಿಲ್ಲವಾ?"

"ಅವರು ಆಚಾರ ಬಿಟ್ಟ್ರ ನಾನೂ ಬಿಡಬೇಕೇನ್ರೀ ಸಾಹೇಬ್ರ?"

ಕೆಲವರು ನಕ್ಕರು. ಉಜ್ಜಿನಿ ಕಡೆಯ ಒಬ್ಬ ಅಧ್ಯಕ್ಷ ಪಕ್ಕದವನಿಗೆ ಹೇಳಿದ್ದು ಕೇಳಿಸಿತು, "ಆಚಾರ ಅಲ್ಲೋ, ನೆಗೆಣ್ಣಿ ಜಗಳ ಅದು." ಇಪ್ಪತ್ತು ಮೈಲು ದೂರದವರಿಗೂ ಗೊತ್ತಾಗಿದೆ. ಶೈಲಾಳದೇ ಕೆಲಸ.

ಬಸ್ಸಿನಲ್ಲಿ ಬರುವಾಗ ನಾಗಪ್ಪ ಚೇಷ್ಟೆ ಮಾಡಿದ. "ದಿಲ್ಲಿ ಲೆಕ್ಕ ಇಳದ್ರ ನಿಮ್ಮ ಹೆಸರು ಹೇಳತೀನಿ ನೋಡ್ರಿ ಅಮ್ಮಾರ."

ಹೇಳು ಅಂದೆ. ಒಂದು ಗೋಡೆ ಉಳಿಸಿಕೊಳ್ಳಲು ದಿಲ್ಲಿಯ ತನಕ ಕೈ ಚಾಚಬೇಕಾಯಿತು ಅಂದರೆ ಚಾಚಿದ್ದೇನೆ.

24 ಆಗಸ್ಟ್, ಶುಕ್ರವಾರ

ಶ್ರಾವಣ ಮುಗಿಯಿತು, ಗಣಪತಿಯೂ ಬಂದು ಹೋದ. ಪೆನ್ನು ಹಿಡಿದಿದ್ದೇನೆ.

ಮೊದಲು ಶೈಲಾಳ ಅರ್ಜಿಯನ್ನು ಬುಡಕ್ಕೆ ಹಾಕಿ, ಉಳಿದವರಿಗೆ ಕೊಟ್ಟುಬಿಡೋಣ ಎಂದಿದ್ದೆ. ಅಷ್ಟರಲ್ಲಿ ಅವಳು ಕೂಡ್ಲಿಗಿಗೆ ಹೋಗಿ ಕಾಗದ ತಂದಿದ್ದಾಳೆ. ಅರ್ಜಿಗಳನ್ನು ಬಂದ ನಂಬರಿನ ಪ್ರಕಾರವೇ ತೆಗೆದುಕೊಳ್ಳಬೇಕು, ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಬಾರದು ಎಂದು ಸಾಹೇಬರ ಹುಕುಂ. ಅವಳದು ಒಂದನೇ ನಂಬರು.

ಓದಿ ನನ್ನ ಕೈಯಲ್ಲಿ ಕೊಡುವಾಗ ಅವಳ ಮುಖ ನೋಡಬೇಕಿತ್ತು.

"ಈಗ ಊರು ಪೂರ್ತಿ ನನ್ನ ಹಿಂದ ನಿಂತೈತಿ ಅಕ್ಕಾ. ಸಾಲಿನಾಗ."

"ನಿಲ್ಲಲಿ. ಸೆಪ್ಟೆಂಬರ್ ಮೂರಕ್ಕ ಪಿತೃಪಕ್ಷ ಹತ್ತತೈತಿ."

ಮೂರಕ್ಕೆ ಇನ್ನೂ ಹತ್ತು ದಿನವಿದೆ. ಸಭೆ ಕರೆಯುವುದಿಲ್ಲ. ಆಗಸ್ಟಿಗೂ ಸೊನ್ನೆಯೇ.

5 ಸೆಪ್ಟೆಂಬರ್, ಬುಧವಾರ

ಮಠಕ್ಕೆ ಹೋಗಿ ಅಯ್ಯನವರ ಪಾದ ಮುಟ್ಟಿ ಕೇಳಿದೆ. ನನ್ನ ಕಡೆ ಎರಡು ಮಾತು ಹೇಳಿದರೆ ಸದಸ್ಯರ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದೆ.

"ಬುದ್ಧಿ, ಪಿತೃಪಕ್ಷದಾಗ ಮನಿಗಿ ಪರವಾನಗಿ ಕೊಡಬಾರದಲ್ರೀ?"

ಅಯ್ಯನವರು ಬಾಳೆಹಣ್ಣು ಸುಲಿಯುತ್ತಾ ಕೇಳಿದರು. "ಕೊರಳಾಗ ಏನು ಕಟ್ಟೀ ತಾಯಿ?"

"ಲಿಂಗ."

"ಲಿಂಗ ಕಟ್ಟಿದವರಿಗಿ ಕೆಟ್ಟ ದಿನ ಅಂತ ಯಾವುದು ಐತಿ? ಪಂಚಾಂಗದ ಮನ್ಯಾಗ ಹುಟ್ಟಿದವರೇ ಇಷ್ಟು ಮಾಡವಲ್ರು. ನಿನ್ನ ಸಿಟ್ಟಿಗಿ ತಿಥಿ ಹುಡುಕಬ್ಯಾಡ."

ಅರ್ಧ ಹಣ್ಣು ನನಗೆ ಕೊಟ್ಟರು. ತಿನ್ನಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಬಂದು ದನಕ್ಕೆ ಹಾಕಿದೆ. ಅವರಿಗೆ ಏನು ಗೊತ್ತು. ಮಠದ ಗೋಡೆ ಕಲ್ಲಿನದು.

20 ಸೆಪ್ಟೆಂಬರ್, ಗುರುವಾರ

ಪಿತೃಪಕ್ಷ ಮುಗಿಯಿತು, ಅಧಿಕ ಮಾಸ ಹತ್ತಿತು. ಈ ವರ್ಷವೇ ಬಂದಿದೆ, ನಾನು ತಂದದ್ದಲ್ಲ. ಅಕ್ಟೋಬರ್ ಹದಿನಾರರ ತನಕ ಇದೆ. ಅರ್ಜಿ ಈಗ ಹತ್ತೊಂಬತ್ತು.

ಉಪಾಧ್ಯಕ್ಷ ದುರುಗಪ್ಪ ಆಫೀಸಿನಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದ. ಅವನ ಅಳಿಯನ ಅಂಗಡಿ ಆ ಸಾಲಿನಲ್ಲಿ ಆರನೆಯದು. ಸಿಮೆಂಟು ಮಾರುವವನು ಬಂದು ಕೈಮುಗಿದು ಹೋದ, ಮೂಟೆ ಗಟ್ಟಿಯಾಗುತ್ತಿವೆಯಂತೆ.

ಹುಲುಗಮ್ಮ ಎರಡು ದಿನಕ್ಕೊಮ್ಮೆ ಬರುತ್ತಾಳೆ. ಇವತ್ತು ಅವಳ ಹಿಂದೆ ಮಗಳು ದುರ್ಗಾದೇವಿಯೂ ಬಂದಿದ್ದಳು. ಚೊಚ್ಚಲು ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ. ತವರು ಅಂದರೆ ನಾಲ್ಕು ಕೋಲು, ಮೇಲೊಂದು ನೀಲಿ ಪ್ಲಾಸ್ಟಿಕ್ ಹಾಳೆ. ಅದರ ಒಂದು ಮೂಲೆ ಹರಿದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಬರುವಾಗ ಹೋಗುವಾಗ ದಾರಿಯಲ್ಲೇ ಕಾಣುತ್ತದೆ, ನೋಡಬೇಕೆಂದು ನೋಡಿದ್ದಲ್ಲ.

"ಮೂರು ತಿಂಗಳಾತು" ಅಂದಳು ಹುಲುಗಮ್ಮ. "ಊರಾಗ ಯಾರೂ ಮನಿ ಕಟ್ಟವಲ್ರು. ಕಲ್ಲು ಹೊರೋ ಕೆಲಸನೂ ಇಲ್ಲ. ಮನೀನೂ ಇಲ್ಲ, ಕೂಲೀನೂ ಇಲ್ಲ. ನಿಮ್ಮ ದೇವರು ಎರಡು ಕಡೆಯಿಂದ ಹೊಡದ ನೋಡ್ರಿ."

"ದೇವರ ಮ್ಯಾಲೆ ಹಾಕಬ್ಯಾಡ."

"ಹಂಗಾರ ಯಾರ ಮ್ಯಾಲೆ ಹಾಕಲಿ? ಹೆಸರು ಹೇಳ್ರಿ."

ನಾಗಪ್ಪ ಅವಳನ್ನು ಗದರಿಸಿ ಕಳಿಸಿದ. ಗದರಿಸು ಎಂದು ನಾನೇನೂ ಹೇಳಿರಲಿಲ್ಲ. ಹುಡುಗಿಯ ಕಾಲು ಬಾತಿತ್ತು.

3 ಅಕ್ಟೋಬರ್, ಬುಧವಾರ

ಹಸ್ತ ಮಳೆ ಮೊನ್ನೆಯಿಂದ ಹಿಡಿದಿದೆ. ಬೆಳಿಗ್ಗೆ ಛತ್ರಿ ಹಿಡಿದು ಆಫೀಸಿಗೆ ಹೋದರೆ ಪಡಸಾಲೆಯಲ್ಲಿ ಹುಲುಗಮ್ಮ, ಅವಳ ಮಗಳು, ಎರಡು ಪಾತ್ರೆ, ಒಂದು ಕಂಬಳಿ. ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರಿ ಹೋಗಿದೆ.

"ಇದು ಸರ್ಕಾರಿ ಕಟ್ಟಡ. ಇಲ್ಲಿ ಮಲಗಾಂಗಿಲ್ಲ" ಅಂದೆ. ಅಧ್ಯಕ್ಷೆ ಆದವಳು ಅನ್ನಲೇಬೇಕು.

"ಸರ್ಕಾರದ ಮನಿ ಕೊಡವಲ್ರಿ, ಸರ್ಕಾರದ ಪಡಸಾಲೀನೂ ಬ್ಯಾಡ ಅಂತೀರಿ" ಅಂದಳು. ಹುಡುಗಿ ಕಂಬ ಹಿಡಿದು ನಿಂತು ತುಟಿ ಕಚ್ಚಿಕೊಂಡಿದ್ದಳು. ಬೇನೆ ಶುರುವಾಗಿತ್ತು.

ಏನು ಮಾಡಬೇಕೆಂದು ನಾನು ಯೋಚಿಸುವಷ್ಟರಲ್ಲಿ ಶೈಲಾ ಬಂದಳು. ಯಾರು ಹೇಳಿದರೋ. ಗೋಣಿಚೀಲ ತಲೆಗೆ ಹಾಕಿಕೊಂಡು, ನನ್ನ ಕಡೆ ನೋಡದೆ, ಹುಡುಗಿಯ ರಟ್ಟೆ ಹಿಡಿದಳು.

"ಬಾ ಯವ್ವಾ. ನಮ್ಮದೂ ಸೋರತೈತಿ, ಆದ್ರ ಇದಕ್ಕಿಂತ ಕಡಿಮಿ."

ಹೋಗುವಾಗ ತಿರುಗಿ ಹೇಳಿದಳು. "ಅಕ್ಕಾ, ಅಧಿಕ ಮಾಸದಾಗ ಹಡೀಬಹುದಂತೇನು, ಕೇಳಿ ಹೇಳ್ರಿ."

ಎಲ್ಲರ ಮುಂದೆ. ಪುಣ್ಯಕ್ಕಲ್ಲ, ನನ್ನ ಮಾನ ಕಳೆಯುವುದಕ್ಕೇ ಕರೆದುಕೊಂಡು ಹೋದದ್ದು ಅವಳು.

5 ಅಕ್ಟೋಬರ್, ಶುಕ್ರವಾರ

ನಿನ್ನೆ ಮಧ್ಯಾಹ್ನ ಹೆರಿಗೆಯಾಯಿತು, ಗಂಡು. ಗೋಡೆಯ ಆ ಕಡೆ, ನನ್ನ ಜಗುಲಿಯ ಬೆನ್ನಿಗೇ ಬಾಣಂತಿಯನ್ನು ಮಲಗಿಸಿದ್ದಾರೆ. ಎಲ್ಲಾ ಕೇಳಿಸುತ್ತದೆ. ಬೆಳಿಗ್ಗೆ ಪೂಜೆಗೆ ಕೂತರೆ ಕೂಸಿನ ಅಳು. ಕಣ್ಣು ಮುಚ್ಚಿದರೆ ಇನ್ನೂ ಹತ್ತಿರ ಕೇಳುತ್ತದೆ. ಸಣ್ಣ ದನಿ. ಗಟ್ಟಿಯಾಗಿ ಅಳುವುದಿಲ್ಲ ಅದು. ಹಾಲು ಹಿಡಿಯುತ್ತಿದೆಯೋ ಇಲ್ಲವೋ.

ಮನೆಯಲ್ಲಿ ಅಷ್ಟು ಮೂಲೆ ಇರುವಾಗ ಇದೇ ಗೋಡೆ ಬೇಕಿತ್ತೇ ಎಂದು ಯಜಮಾನರ ಹತ್ತಿರ ರೇಗಿದೆ.

"ಉಳಿದ ಕಡೆ ಎಲ್ಲಾ ಸೋರತೈತಿ. ಒಣಗಿರೋದು ಅದೊಂದು ಜಾಗ" ಅಂದರು.

"ನಿಮಗ ಹೆಂಗ ಗೊತ್ತು?"

"ನೋಡಿಕೆಂಡು ಬಂದೆ."

ಹದಿನಾಲ್ಕು ವರ್ಷದಲ್ಲಿ ಆ ಹೊಸ್ತಿಲು ದಾಟಿರದ ಮನುಷ್ಯ.

6 ಅಕ್ಟೋಬರ್, ಶನಿವಾರ

ಆ ಕಡೆ ಏನೋ ದಪ್ಪಂತ ಬಿದ್ದ ಸದ್ದು. ಆಮೇಲೆ ಕೂಗು. ಆಮೇಲೆ ಏನೂ ಇಲ್ಲ.

ಕೂಸಿನ ಅಳು ಕೇಳುವ ತನಕ ಗೋಡೆಗೆ ಕಿವಿ ಹಚ್ಚಿ ನಿಂತಿದ್ದೆ. ಎಷ್ಟು ಹೊತ್ತೋ.

ಯಜಮಾನರು ಹೋಗಿ ಬಂದು ಹೇಳಿದರು. ಮಾಳಿಗೆಯ ಮಣ್ಣಿನ ಹೆಂಟೆ, ತಲೆಯಷ್ಟು ದೊಡ್ಡದು, ಬಾಣಂತಿಯ ಕಾಲ ಹತ್ತಿರ ಬಿದ್ದಿದೆ. ನಡುತೊಲೆಗೆ ಗೆದ್ದಲು ಹತ್ತಿದೆ, ಅವರ ಕಡೆ ಅಂಗೈಯಷ್ಟು ಬಾಗಿದೆ. ಎರಡು ಕಂಬ ಆನಿಸಿ ಬಂದರಂತೆ. ಹೆಚ್ಚು ದಿನ ನಿಲ್ಲುವುದಿಲ್ಲ.

"ಬಾಣಂತಿನ ನಮ್ಮ ಪಡಸಾಲಿಗಿ ತರಾಣೇನು?" ಅಂದರು. ಪಡಸಾಲೆ ಕಸ ಗುಡಿಸಿದೆ. ಹೇಗೂ ಗುಡಿಸಬೇಕಿತ್ತು. ಹೊರಸು ಹಾಕಿ ಕೌದಿ ಹಾಸಿದೆ.

ಅವರು ಬರಲಿಲ್ಲ. ಹುಲುಗಮ್ಮ ಬೇಡ ಅಂದಳಂತೆ.

7 ಅಕ್ಟೋಬರ್, ಭಾನುವಾರ

ನಾನೇ ಹೋದೆ. ಶೈಲಾ ಬಾಗಿಲಲ್ಲಿ ನಿಂತು, ಒಳಗೆ ಬಿಡಲೋ ಬೇಡವೋ ಎಂದು ಒಂದು ನಿಮಿಷ ನನ್ನನ್ನು ನೋಡಿ, ಪಕ್ಕಕ್ಕೆ ಸರಿದಳು. ಒಳಗೆ ಆರು ಕಡೆ ಪಾತ್ರೆ ಇಟ್ಟಿದ್ದಾರೆ ಸೋರುವ ನೀರಿಗೆ.

"ಹುಲುಗಮ್ಮ, ಈ ತೊಲಿ ಕೆಳಗ ಕೂಸು ಇಡಬ್ಯಾಡ. ನಮ್ಮ ಕಡೆ ಬಾ."

"ನಿಮ್ಮ ಮನಿಗಿ ಬರಾಂಗಿಲ್ಲ ಅಮ್ಮಾರ."

"ಸೊಕ್ಕು ತೋರಿಸೋ ಹೊತ್ತಲ್ಲ ಇದು."

"ನಿಮಗ ಮೂರು ತಿಂಗಳು ಹೊತ್ತು ಇತ್ತಲ್ಲ, ತೋರಿಸಾಕ." ಕೂಸಿನ ಮುಖದ ಮೇಲಿನ ನೊಣ ಓಡಿಸಿದಳು. "ಸಹಿ ಮಾಡ್ರಿ. ನನ್ನ ಕಾಗದ ನನ್ನ ಕೈಗಿ ಬರಲಿ. ಆಮ್ಯಾಲೆ ನಿಮ್ಮ ಪಡಸಾಲಿ ನೋಡೋಣಂತ. ಭಿಕ್ಷಾಕ್ಕ ಬಂದಾಕಿ ಹಂಗ ಬರಾಂಗಿಲ್ಲ."

"ನಿನ್ನದು ಮೂರನೇ ನಂಬರು. ಒಂದನೇದು ಬಿಟ್ಟು ನಿನ್ನದು ಮಾಡಾಕ ಬರಾಂಗಿಲ್ಲ."

"ಹಂಗಾರ ಒಂದನೇದೂ ಮಾಡ್ರಿ."

ಶೈಲಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಏನಾದರೂ ಚುಚ್ಚುತ್ತಾಳೆ ಎಂದು ಕಾದೆ. ಚುಚ್ಚಲಿಲ್ಲ. ಅದಕ್ಕೇ ಹೆಚ್ಚು ಸಿಟ್ಟು ಬಂತು.

8 ಅಕ್ಟೋಬರ್, ಸೋಮವಾರ

ತುರ್ತು ಸಭೆ ಕರೆದೆ. ನಾಗಪ್ಪ ಬಾಯಿ ತೆರೆದ.

"ಅಧಿಕ ಮಾಸ ಇನ್ನೂ ಎಂಟು ದಿನ ಐತಲ್ರೀ ಅಮ್ಮಾರ."

"ನನಗ ಪಂಚಾಂಗ ಹೇಳಾಕ ಬರಬ್ಯಾಡ. ಪೆನ್ನು ತಾ."

ಇಪ್ಪತ್ತೊಂದು ಅರ್ಜಿ. ಒಂದನೇ ನಂಬರಿನಿಂದ ಶುರು ಮಾಡಿದೆ. ಮೊದಲ ಸಹಿಗೆ ಪೆನ್ನು ಮೂಡಲಿಲ್ಲ. ಕೊಡವಿದೆ, ಮಸಿ ಸೀರೆಗೆ ಬಿತ್ತು. ಎರಡನೇ ಸಲ ಮೂಡಿತು. ಮೂರನೇ ಅರ್ಜಿಯ ಕಾಗದವನ್ನು ಮಸಿ ಆರುವ ಮೊದಲೇ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಹುಲುಗಮ್ಮನಿಗೆ ಓದಲು ಬರುವುದಿಲ್ಲ. ಶೈಲಾಳಿಂದ ಓದಿಸಿ, ಮೊಹರು ಮುಟ್ಟಿ ನೋಡಿ, ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆಮೇಲೆ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು.

ಬಾಣಂತಿಗೆ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಪೊಲೀಸರು ನನ್ನ ಬಾಗಿಲಿಗೆ ಬರುತ್ತಿದ್ದರು. ಅದಕ್ಕೇ ಮಾಡಿದ್ದು. ಬೇರೆ ಏನಿಲ್ಲ.

14 ಅಕ್ಟೋಬರ್, ಭಾನುವಾರ

ಪಡಸಾಲೆಯಲ್ಲಿ ತಿರುಗಾಡಲು ಜಾಗವಿಲ್ಲ. ಕೂಸಿನ ಬಟ್ಟೆ ನನ್ನ ಮಡಿ ಹಗ್ಗದ ಮೇಲೆ. ಹುಲುಗಮ್ಮ ನನ್ನ ಜೊತೆ ಮಾತಾಡುವುದಿಲ್ಲ, ಬೇಕಾದದ್ದನ್ನು ಯಜಮಾನರಿಗೆ ಹೇಳುತ್ತಾಳೆ, ಅವರು ನನಗೆ ಹೇಳುತ್ತಾರೆ, ಮೂವರೂ ಒಂದೇ ಕೋಣೆಯಲ್ಲಿ ಇರುವಾಗ.

ಅಂಟಿನುಂಡೆ ಕಟ್ಟಿದೆ. ಯಜಮಾನರಿಗೆ ಸೊಂಟ ನೋವು, ಅವರಿಗೆಂದು. ಹೆಚ್ಚಾಗಿ ಉಳಿದದ್ದನ್ನು ದುರ್ಗಾದೇವಿಗೆ ಕೊಟ್ಟೆ. ಯಜಮಾನರಿಗೆ ಎರಡು ಸಿಕ್ಕವು, ಅವಳಿಗೆ ಹದಿನೆಂಟು.

ಕೂಸು ಈಗ ಗಟ್ಟಿಯಾಗಿ ಅಳುತ್ತದೆ. ಪೂಜೆಗೆ ಕೂತವಳು ಎದ್ದು ಹೋಗಿ ತೊಟ್ಟಿಲು ತೂಗಿದೆ. ಮತ್ತೆ ಕೂತೆನೋ ಇಲ್ಲವೋ ನೆನಪಿಲ್ಲ.

29 ಅಕ್ಟೋಬರ್, ಸೋಮವಾರ

ದಸರೆ ಮುಗಿದ ಮೇಲೆ ಶೈಲಾ ಕೆಡವಲು ಶುರು ಮಾಡಿದಳು. ಇವತ್ತು ನಡುಗೋಡೆ. ದೇವರನ್ನು ಅಡಿಗೆಮನೆಯಲ್ಲಿ ಕೊಡ ಇಡುವ ಗಡಂಚಿಯ ಮೇಲೆ ಇಟ್ಟಿದ್ದೇನೆ, ಒಗ್ಗರಣೆಯ ಹೊಗೆಯಲ್ಲಿ.

ಹಾರೆಯ ನಾಲ್ಕು ಏಟಿಗೆ ಜಗುಲಿಯ ಗೂಡು ಬಿಚ್ಚಿಕೊಂಡಿತು. ಹಿಂದೆ ಎಲ್ಲಾ ಪೊಳ್ಳು. ಗೆದ್ದಲು ಹುತ್ತ ಕಟ್ಟಿತ್ತು, ಆಳೆತ್ತರ. ಸುಣ್ಣದ ಪದರ ಒಂದೇ ನಿಂತಿದ್ದದ್ದು.

ಧೂಳಿನ ಆ ಕಡೆಯಿಂದ ಶೈಲಾ ಅಂದಳು. "ನೋಡ್ರಿ ಅಕ್ಕಾ, ನಿಮ್ಮ ದೇವರ ಬೆನ್ನಿಗೇ ಮನಿ ಕಟ್ಟ್ಯಾವ. ಯಾವ ತಿಂಗಳು ಪರವಾನಗಿ ಕೊಟ್ಟಿದ್ರಿ ಇವಕ್ಕ?"

"ನಿನ್ನ ಕಡೆಯಿಂದ ಬಂದಿದ್ದು ಅವು."

"ಹೂಂ, ಅರ್ಜಿ ಹಿಡಕಂಡು ಬಂದಿದ್ವು."

ಗೌಂಡಿಗಳು ಹಾರೆ ಬಿಟ್ಟು ನಕ್ಕರು. ನನಗೂ ಸ್ವಲ್ಪ ಬಂತು, ಸೆರಗು ಅಡ್ಡ ಹಿಡಿದೆ. ಧೂಳಿಗೆ.

ಹುಲುಗಮ್ಮ ಅಲ್ಲೇ ಮಣ್ಣು ಹೊರುತ್ತಿದ್ದಾಳೆ. ಮನೆಯ ಪಾಯ ತೆಗೆದಿದ್ದಾಳೆ, ಅದರ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಹೋದ ವಾರ ನಮ್ಮ ಪಡಸಾಲೆ ಬಿಟ್ಟಳು. ಹೋಗುವಾಗ ಬರುತ್ತೇನೆ ಅನ್ನಲಿಲ್ಲ. ಪಡಸಾಲೆ ಸಾರಿಸಿ, ಕೌದಿ ಮಡಿಸಿಟ್ಟು ಹೋಗಿದ್ದಳು.

ಅಕ್ಟೋಬರ್ ತಖ್ತೆಗೆ ಇಪ್ಪತ್ತೊಂದು ಎಂದು ಬರೆಯಬೇಕು. ಏರಿಕೆಗೆ ಏನು ಕಾರಣ ಬರೆಯಲಿ ಎಂದು ನಾಗಪ್ಪ ಕೇಳಿದ. ಮಳೆ ಅಂತ ಬರಿ ಅಂದೆ.

22 ನವೆಂಬರ್, ಗುರುವಾರ

ಗೋಡೆ ಹೋದ ಕಡೆ ಜೋಳದ ದಂಟಿನ ತಟ್ಟಿ ಕಟ್ಟಿದ್ದೇವೆ. ಚಳಿಗಾಳಿ ನೇರ ಒಲೆಗೆ ಬರುತ್ತದೆ. ನಾಯಿ ನುಗ್ಗಿ ಎರಡು ಸಲ ಹಾಲು ಕುಡಿದು ಹೋಗಿದೆ. ಅಡಿಗೆಮನೆಯ ಜಂತಿಯೂ ಜಗ್ಗಿದೆ, ಉಳಿದ ಅರ್ಧವನ್ನು ಇಳಿಸಿ ಕಟ್ಟದೆ ಗತಿಯಿಲ್ಲ ಎಂದು ಗೌಂಡಿ ಹೇಳಿದ. ಹಾಗಾಗಿ ಈ ತಿಂಗಳು ನಾನೂ ಅರ್ಜಿ ಹಾಕಿದೆ.

ಇವತ್ತು ಸಭೆ. ನನ್ನ ನಂಬರು ಬಂದಾಗ ದುರುಗಪ್ಪ ಕೆಮ್ಮಿದ.

"ಸ್ವಂತ ಅರ್ಜಿ ಬಂದಾಗ ಅಧ್ಯಕ್ಷರು ಒಳಗ ಇರಬಾರದಂತ ಕಾನೂನು ಐತಿ. ಒಂದೀಟು ಹೊರಗ ಇರ್ರಿ ಅಮ್ಮಾರ."

ನಾಗಪ್ಪನ ಕಡೆ ನೋಡಿದೆ. ಹೌದೆಂದು ತಲೆ ಆಡಿಸಿದ. ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ನಿಂತೆ. ಕಿಟಕಿ ತೆರೆದಿತ್ತು. ಬೇಕೆಂದೇ ತೆರೆದಿಟ್ಟಿರಬೇಕು.

"ಮುಂದಿನ ತಿಂಗಳು ಧನುರ್ಮಾಸ" ಎಂದು ದುರುಗಪ್ಪನ ದನಿ. "ಅಮ್ಮಾರು ಆಚಾರವಂತರು. ನಾವು ಅವಸರ ಮಾಡಿದ್ರ ಅವರಿಗೇ ಸರಿ ಬರಾಂಗಿಲ್ಲ. ಸಂಕ್ರಾಂತಿ ದಾಟಲಿ, ಏನಂತೀರಿ?"

ಬಹಳ ಜನ ನಕ್ಕರು. ಇಲ್ಲ ಅಂದ ದನಿ ಒಂದೂ ಕೇಳಲಿಲ್ಲ.

ಹುಲುಗಮ್ಮ ಮರಳಿನ ಪುಟ್ಟಿ ಹೊತ್ತು ಬಂದಳು. ಅವಳ ಮನೆಯ ಗೋಡೆ ಕಿಟಕಿಮಟ್ಟಕ್ಕೆ ಬಂದಿದೆ. ನನ್ನನ್ನು ನೋಡಿ ನಿಂತಳು. ಪುಟ್ಟಿ ಇಳಿಸಿ, ತಲೆಯ ಸಿಂಬಿ ಸರಿ ಮಾಡಿಕೊಂಡಳು. ಕಾಗದ ಕೊಟ್ಟ ದಿನದಿಂದ ನೇರವಾಗಿ ನನಗೆ ಆಡಿದ ಮೊದಲ ಮಾತು ಇದು.

"ನಿಮ್ಮ ಅರ್ಜಿ ನಡದೈತೇನ್ರೀ ಒಳಗ?"

"ಹೂಂ."

"ಏನಂತಾರ?"

"ಸಂಕ್ರಾಂತಿ ದಾಟಲಿ ಅಂತಾರ."

ನಗುತ್ತಾಳೆ ಎಂದು ಮುಖ ಗಟ್ಟಿ ಮಾಡಿಕೊಂಡೆ. ನಗಲಿಲ್ಲ. ಕಿಟಕಿಯ ಕಡೆ ನೋಡಿದಳು, ನನ್ನ ಕಾಲಿನ ಕಡೆ ನೋಡಿದಳು.

"ಕುಂದ್ರರಿ. ನಿಂತರ ಮೊಣಕಾಲು ಹಿಡಿತಾವ. ಅವರು ಲಗೂನ ಕರಿಯಾಂಗಿಲ್ಲ."

ಆಮೇಲೆ ಬಗ್ಗಿ ಪುಟ್ಟಿಯ ಅಂಚು ಹಿಡಿದಳು. "ಒಂದು ಕೈ ಹಚ್ಚಿ ಎತ್ತಿಸ್ರಿ."

ಎರಡೂ ಕೈ ಹಚ್ಚಿದೆ. ಹಸಿ ಮರಳು, ಏಳಲೇ ಇಲ್ಲ ಮೊದಲು. ಅವಳ ತಲೆಯ ಮೇಲೆ ಅದು ಸರಿಯಾಗಿ ಕೂರುವ ತನಕ ಹಿಡಿದು ನಿಂತೆ. ಬಿಡ್ರಿ ಅಂದಳು, ಬಿಟ್ಟೆ. ತಿರುಗಿ ನೋಡದೆ ಹೋದಳು.

ಒಳಗೆ ಬೇರೆ ಅರ್ಜಿ ಶುರುವಾಗಿತ್ತು. ನನ್ನನ್ನು ಕರೆದಿರಲಿಲ್ಲ. ಕೂತೆ.